ಉಪ್ಪಿನ ಹಾದಿಯ ಮೇಲೆ ಮೋಜಿನ ಮಂದಿ

ನಮ್ಮ ಜತ್ತ ತಾಲೂಕಿನ ಮಂದಿಗೆ ಗೋವಾ ಅಂದರೆ ಏನು? ಶಾಲೆಯ ಮಕ್ಕಳಿಗೆ ಕೇಳಿದರೆ ಸಮುದ್ರ ಅನ್ನುತ್ತಾರೆ. ಪ್ರಾಯದ ಹುಡುಗರಿಗೆ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ದಾಳಿಂಬರಿ ಮಾರಿ ನಾಲ್ಕು ದುಡ್ಡು ಕಂಡವರು ಕ್ರೂಸರ್ ಗಾಡಿ ಮಾಡಿಕೊಂಡು ಹೋಗಿ, ಎರಡು ದಿವಸ ಇದ್ದು, ಫೋನಿನ ತುಂಬ ಫೋಟೋ ಹೊಡಕೊಂಡು ಬರುತ್ತಾರೆ. ಬಂದ ಮೇಲೆ "ಗೋವಾ ಹ್ಯಾಂಗೈತಿ?" ಅಂದರೆ "ಭಾಳ ಮಸ್ತ್ ಐತಿ" ಅನ್ನುವುದು ಒಂದೇ ಉತ್ತರ.

ನಾನು ಏಳನೇ ಇಯತ್ತೆ ಓದಿದವ. ಹೊಲ ಮಾಡುವುದು ಕಸುಬು, ಡೊಳ್ಳಿನ ಪದ ಹಾಡುವುದು ಗೀಳು. ವಾಚನಾಲಯದ ಹುಡುಗರು "ಕಾಕಾ, ಈ ಸಲ ಪುಸ್ತಕಕ್ಕ ನೀವೂ ಒಂದು ಇತಿಹಾಸದ ಲೇಖನ ಬರೀರಿ" ಅಂದಾಗ, "ಇತಿಹಾಸ ಬರಿಯಾಕ ನಾ ಏನ್ ಗುರುಜಿ ಆಗೀನೇನೊ?" ಅಂದೆ. ಆದರೆ ಹೋದ ವರ್ಷ ಗೋವಾಕ್ಕೆ ಹೋಗಿ ಬಂದಾಗಿನಿಂದ ಒಂದು ಮಾತು ಹೊಟ್ಟೆಯೊಳಗೆ ಕುಂತುಬಿಟ್ಟಿದೆ. ಅದನ್ನು ಪದ ಕಟ್ಟಿ ಹಾಡಲಿಕ್ಕೆ ನೋಡಿದೆ, ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಸವಿ, ಲೆಕ್ಕಪತ್ರ ಎಲ್ಲ ನಮ್ಮ ಗುರುಜಿಯವರಿಗೆ ಕೇಳಿ, ಪುಸ್ತಕ ನೋಡಿಸಿ ಹಾಕಿದ್ದೇನೆ.

ಮೊದಲು ನಮ್ಮ ಅಣ್ಣನ ಸುದ್ದಿ ಹೇಳಬೇಕು.

1972ರ ಬರ ಹಿರಿಯರಿಗೆ ನೆನಪಿದೆ. ಆಗ ನಾನು ಹತ್ತು ವರ್ಷದ ಹುಡುಗ. ಬಾವಿ ಬತ್ತಿ ತಳದ ಕರಿಕಲ್ಲು ಕಾಣುತ್ತಿತ್ತು. ಅಪ್ಪ ಅವ್ವ ಸರಕಾರಿ ಕಾಮಗಾರಿಯ ಮೇಲೆ ಖಡಿ ಒಡೆಯಲು ಹೋಗುತ್ತಿದ್ದರು. ನಮಗೆ ಶಾಲೆಯಲ್ಲಿ ಸುಕಡಿ ಕೊಡುತ್ತಿದ್ದರು, ಮನೆಯಲ್ಲಿ ಕೆಂಪು ಮಿಲೋ ಜೋಳದ ರೊಟ್ಟಿ. ಆ ವರ್ಷ ನಮ್ಮ ಅಣ್ಣ ಹತ್ತೊಂಬತ್ತರವ. ಊರಿನ ಐದಾರು ಮಂದಿಯ ಕೂಡ ಮಿರಜಕ್ಕೆ ನಡೆದು, ಅಲ್ಲಿಂದ ಸಣ್ಣ ಹಳಿಯ ರೈಲು ಹತ್ತಿ, ಲೋಂಡಾ ಮೇಲಿಂದ ವಾಸ್ಕೋಕ್ಕೆ ಹೋದ. ಮುರಗಾವ ಬಂದರದಲ್ಲಿ ಕಬ್ಬಿಣದ ಅದಿರು ತುಂಬುವ ಕೆಲಸ ಹಿಡಿದ. ಹದಿನಾಲ್ಕು ವರ್ಷ ಮಾಡಿದ.

ವರ್ಷಕ್ಕೆ ಎರಡು ಸಲ ಬರುತ್ತಿದ್ದ, ಪಂಚಮಿಗೊಮ್ಮೆ ದೀಪಾವಳಿಗೊಮ್ಮೆ. ಬರುವಾಗ ಆಮಸೂಲು, ಗೋಡಂಬಿ ತರುತ್ತಿದ್ದ. ಅವನ ಧೋತರ ಎಷ್ಟು ಸಲ ಒಗೆದರೂ ಕೆಂಪು ಹೋಗುತ್ತಿರಲಿಲ್ಲ. ಅಲ್ಲಿಯ ಮಂದಿ ಇಂಥವರಿಗೆ "ಘಾಂಟಿ" ಅನ್ನುತ್ತಿದ್ದರಂತೆ. ಘಟ್ಟದ ಮೇಲಿನವ ಅಂತ ಅದರ ಅರ್ಥ. ಹೇಳುವುದು ಮಾತ್ರ ಬೈಗುಳದ ಧಾಟಿಯಲ್ಲಿ. ಒಂದು ದೀಪಾವಳಿಗೆ ನಾನು ಕೇಳಿದೆ, "ಅಣ್ಣಾ, ಗ್ವಾವಾ ಹ್ಯಾಂಗೈತಿ?"

"ಗ್ವಾವಾ ಎಲ್ಲಿ ನೋಡೀನೋ ತಮ್ಮಾ. ಬಾರ್ಜು ನೋಡೀನಿ, ಕೆಂಪು ಮಣ್ಣು ನೋಡೀನಿ. ಹಾಂ, ಒಂದು ನೋಡೀನಿ. ಗಾಡಿ ಘಟ್ಟ ಇಳಿಯುವಾಗ ಹಾಲು ಸುರುವಿದಂಗ ನೀರು ಬೀಳ್ತಾವ. ಕಿಡಕಿಯಾಗಿಂದ ಎರಡ ಮಿನಿಟ ಕಾಣತೈತಿ. ಒಮ್ಮೆ ಅದರ ಬುಡಕ್ಕ ಹೋಗಿ ನಿಂದರಬೇಕು ಅಂತ ಮನಸೈತಿ."

ನಿಲ್ಲಲಿಲ್ಲ. 1986ರಲ್ಲಿ ಕೆಮ್ಮು ಹತ್ತಿಸಿಕೊಂಡು ಮನೆಗೆ ಬಂದ, ಮುಂದಿನ ವರ್ಷ ಸುಗ್ಗಿಯಲ್ಲಿ ತೀರಿಕೊಂಡ. ನಮ್ಮ ವೈನಿ ಈಗಲೂ ಇದ್ದಾಳೆ. ಹೋದ ವರ್ಷ ಡಿಸೆಂಬರದಲ್ಲಿ ನಾನು ಹೋಗಿದ್ದು ಆ ನೀರಿನ ಬುಡಕ್ಕೆ ನಿಲ್ಲಲಿಕ್ಕೆ.

ಎಂಟು ಮಂದಿ ಹೊರಟೆವು. ಭಜನಿ ಮೇಳದವರು ಐದು ಜನ, ಶಾಲೆಯ ಗುರುಜಿಯವರು ಇಬ್ಬರು, ಒಂಬತ್ತನೇ ಇಯತ್ತೆ ಓದುವ ನನ್ನ ಮೊಮ್ಮಗ ಒಬ್ಬ. ಅಥಣಿ, ಚಿಕ್ಕೋಡಿ ದಾಟಿ ಬೆಳಗಾವಿ, ಅಲ್ಲಿಂದ ಖಾನಾಪುರ, ರಾಮನಗರ. ಖಾನಾಪುರದ ಮುಂದೆ ಗಿಡಗಳು ಹತ್ತಿರ ಹತ್ತಿರ ಬಂದವು. ಅನಮೋಡ ಘಟ್ಟ ಇಳಿಯುವಾಗ ಆಕಾಶವೇ ಕಾಣಲಿಲ್ಲ. ನಮ್ಮ ಕಡೆ ಹಾದಿಯಲ್ಲಿ ಒಂದು ಬೇವಿನ ಗಿಡ ಸಿಕ್ಕರೆ ಅದರ ನೆರಳಿಗೆ ಹತ್ತು ಮಂದಿ ಕೂಡುತ್ತೇವೆ. ಇಲ್ಲಿ ನೆರಳಿಗೆ ಕೂಡುವ ಮಂದಿಯೇ ಇಲ್ಲ, ಅಷ್ಟು ನೆರಳು. ಮೊಮ್ಮಗ ಮಾತ್ರ "ಅಜ್ಜಾ, ಬೀಚ್ ಯಾವಾಗ ಬರ್ತೈತಿ?" ಅಂತ ಮೂರು ಸಲ ಕೇಳಿದ.

ಘಟ್ಟದ ಬುಡಕ್ಕೆ ಮೊಲ್ಲೆಮ್. ಅಲ್ಲಿಂದ ಒಳಗೆ ಹನ್ನೆರಡು ಹದಿಮೂರು ಕಿಲೋಮೀಟರ ಕಾಡುಹಾದಿಯಲ್ಲಿ ಹೋದರೆ ತಾಂಬಡಿ ಸುರ್ಲಾ ಎಂಬ ಊರು. ತಾಂಬಡಿ ಅಂದರೆ ಕೆಂಪು. ಅಲ್ಲಿಯ ಮಣ್ಣು ಅಂಥದ್ದು. ಹೊಳೆಯ ದಂಡೆಗೆ, ಕಾಡಿನ ನಡುವೆ, ಮಹಾದೇವನ ಗುಡಿ. ನಮ್ಮ ಶಾಲೆಯ ಗುರುಜಿಯವರು ಹಟ ಹಿಡಿದು ಕರಕೊಂಡು ಹೋಗಿದ್ದು ಇಲ್ಲಿಗೆ.

ಗುಡಿ ಸಣ್ಣದು. ಬಾಗಿಲು ಮೂಡಣಕ್ಕೆ, ಸೂರ್ಯ ಹುಟ್ಟಿದಾಗ ಮೊದಲ ಕಿರಣ ದೇವರ ಮೇಲೆ ಬೀಳುತ್ತದೆ ಅನ್ನುತ್ತಾರೆ. ನಡುಮಂಟಪದಲ್ಲಿ ನಂದಿ ಇದೆ, ತಲೆ ಇಲ್ಲ. ಕಂಬ ನಾಲ್ಕು. ಒಂದು ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುವ ಚಿತ್ರ ಕೊರೆದಿದ್ದಾರೆ. ತಲೆ ಎತ್ತಿದರೆ ಮೇಲೆ ಕಲ್ಲಿನ ಕಮಲ. ನಾನು ಹೋಗಿ ಕಲ್ಲಿನ ಮೇಲೆ ಕೈ ಇಟ್ಟೆ. ಕರಿಕಲ್ಲು. ನಮ್ಮ ಮನೆಯ ಬೀಸುಕಲ್ಲಿನ ಬಣ್ಣ, ಬೀಸುಕಲ್ಲಿನ ತಂಪು. ಗೋವಾದಲ್ಲಿ ಮನೆ, ಕಂಪೌಂಡು, ಬಾವಿ ಏನು ಕಟ್ಟಿದರೂ ತೂತು ತೂತಿನ ಕೆಂಪು ಜಾಂಬಾ ಕಲ್ಲಿನಿಂದ. ಈ ಕರಿಕಲ್ಲನ್ನು ಘಟ್ಟದ ಮೇಲಿಂದ ಇಳಿಸಿ ತಂದು ಕೆತ್ತಿದರು ಅಂತ ಅಲ್ಲಿ ಹೇಳುತ್ತಾರೆ. ಅಂದರೆ ನಮ್ಮ ಕಡೆಯ ಕಲ್ಲು ನಮ್ಮ ಅಣ್ಣನಿಗಿಂತ ಎಂಟುನೂರು ವರ್ಷ ಮೊದಲೇ ಘಟ್ಟ ಇಳಿದು ಹೋಗಿತ್ತು.

ಕಟ್ಟಿಸಿದ್ದು ಗೋವೆಯ ಕದಂಬರ ಕಾಲಕ್ಕೆ, 12-13ನೇ ಶತಮಾನದಲ್ಲಿ. ಬನವಾಸಿಯ ಕದಂಬರ ಹೆಸರು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ. ಅದೇ ಮನೆತನದ ಹೆಸರು ಹೇಳಿಕೊಂಡ ಇನ್ನೊಂದು ಶಾಖೆ ಗೋವಾವನ್ನು ಆಳಿತು. ಮೊದಲು ಅವರ ರಾಜಧಾನಿ ಚಂದ್ರಪುರ, ಈಗಿನ ಚಾಂದೋರ. 11ನೇ ಶತಮಾನದಲ್ಲಿ ಒಂದನೇ ಜಯಕೇಶಿ ಜುವಾರಿ ಹೊಳೆಯ ದಂಡೆಗೆ ಗೋಪಕಪಟ್ಟಣ ಎಂಬ ಬಂದರವನ್ನು ರಾಜಧಾನಿ ಮಾಡಿಕೊಂಡ. ಇವರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆರನೇ ವಿಕ್ರಮಾದಿತ್ಯ ತನ್ನ ಮಗಳು ಮೈಲಳದೇವಿಯನ್ನು ಎರಡನೇ ಜಯಕೇಶಿಗೆ ಕೊಟ್ಟ. ಕಲ್ಯಾಣದ ಮಗಳು ಸಮುದ್ರದ ದಂಡೆಯ ಸೊಸೆಯಾಗಿ ಹೋದಳು. ಅವರ ಮನೆತನದ ರಾಣಿ ಕಮಲಾದೇವಿ ಘಟ್ಟದ ಮೇಲೆ, ಕಿತ್ತೂರಿನ ಹತ್ತಿರ ದೇಗಾವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದಳು. ಅವರ ಶಾಸನ ಕನ್ನಡದಲ್ಲೂ ಇವೆ, ಸಂಸ್ಕೃತದಲ್ಲೂ ಇವೆ. ಘಟ್ಟದ ಮೇಲೂ ಕೆಳಗೂ ಒಂದೇ ಮನೆಯ ರಾಜ್ಯ. ಇವತ್ತಿಗೂ ಗೋವಾದ ಸರಕಾರಿ ಬಸ್ಸಿನ ಹೆಸರು "ಕದಂಬ". ಅದರಲ್ಲಿ ಕುಂತು ಬೀಚಿಗೆ ಹೋಗುವ ನಮ್ಮ ಮಂದಿ ಎಷ್ಟು ಜನ ಆ ಹೆಸರು ಓದಿ ನಿಂತಿದ್ದಾರೆ?

ರಾಜರು ಹೋದರು, ಹಾದಿ ಉಳಿಯಿತು. ಮುಂದೆ ಅದರ ಮೇಲೆ ಹತ್ತಿದ್ದು ಕುದುರೆ. ಅರಬಸ್ತಾನದ ಕುದುರೆಗಳು ಹಡಗಿನಲ್ಲಿ ಗೋವಾ ಬಂದರಕ್ಕೆ ಬಂದು, ಘಟ್ಟ ಹತ್ತಿ ಮೇಲಿನ ರಾಜ್ಯಗಳಿಗೆ ಹೋಗುತ್ತಿದ್ದವು. ಕುದುರೆ ಯಾರ ಕೈಯಲ್ಲೋ ಗೆಲುವು ಅವರದು. ಹಿಂಗಾಗಿ ಈ ಬಂದರದ ಸಲುವಾಗಿ ಜಗಳ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ ಗಾವಾನ ಅದನ್ನು ವಿಜಯನಗರದವರಿಂದ ಗೆದ್ದ. ಬಹಮನಿ ರಾಜ್ಯ ಒಡೆದ ಮೇಲೆ ಅದು ನಮ್ಮ ಮಗ್ಗುಲಿನ ವಿಜಾಪುರದ ಆದಿಲಶಾಹಿಗೆ ಬಂತು. 1510ರಲ್ಲಿ ಪೋರ್ತುಗೀಜರ ಅಲ್ಬುಕರ್ಕ ಆದಿಲಶಾಹಿಯಿಂದ ಕಿತ್ತುಕೊಂಡ. ಪಣಜಿಯಲ್ಲಿ ಹೊಳೆಯ ದಂಡೆಗೆ ಆದಿಲಶಹನ ಹೆಸರಿನ ಹಳೆಯ ಅರಮನೆ ಈಗಲೂ ನಿಂತಿದೆ. ವಿಜಾಪುರದ ಗೋಳಗುಮ್ಮಟಕ್ಕೆ ವರ್ಷಾ ಹೋಗುವ ನಮ್ಮ ಶಾಲೆಯ ಮಕ್ಕಳು ಅದನ್ನೂ ಇದನ್ನೂ ಕೂಡಿಸಿ ನೋಡಿಲ್ಲ.

ಕುದುರೆಗಿಂತ ಹೆಚ್ಚು ಕಾಲ ಈ ಹಾದಿ ತುಳಿದದ್ದು ಎತ್ತು. ನಮ್ಮ ಹತ್ತಿರದ ಲಮಾಣಿ ತಾಂಡೆಯ ಒಬ್ಬ ಮುದುಕ, ನನ್ನ ಜೋಡಿ ಹಾಡುವವ, ತಮ್ಮ ಹಿರಿಯರು ಉಪ್ಪಿನ ಹೇರು ಹೊಡೆಯುತ್ತಿದ್ದರು ಅಂತ ಹೇಳುತ್ತಿದ್ದ. ಆಗ ನಾನು ಅದನ್ನು ಕಥೆ ಅಂದುಕೊಂಡಿದ್ದೆ. ಕಥೆ ಅಲ್ಲ. ಗೋವಾದ ಹೊಳೆಗಳ ಬಾಯಿಯಲ್ಲಿ ಭರತಿಯ ನೀರನ್ನು ಗದ್ದೆಗೆ ಬಿಟ್ಟು, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಿದ್ದರು. ಲಮಾಣಿಗಳು ಸಾವಿರಾರು ಹೇರೆತ್ತಿನ ಮೇಲೆ ಅಕ್ಕಿ, ಕಾಳು, ಬಟ್ಟೆ ಹೇರಿಕೊಂಡು ಘಟ್ಟ ಇಳಿದು, ಅದೇ ಎತ್ತಿನ ಮೇಲೆ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಮೇಲೆ ಬರುತ್ತಿದ್ದರು. ತಿನೈ ಘಟ್ಟ, ಡಿಗ್ಗಿ ಘಟ್ಟ, ಸುರ್ಲಾ ಘಟ್ಟ, ಚೋರ್ಲಾ, ರಾಮಘಟ್ಟ, ಇವೆಲ್ಲ ಅಂಥ ಹಾದಿಗಳು. ಇವತ್ತು ಬೆನ್ನಿಗೆ ಚೀಲ ಕಟ್ಟಿಕೊಂಡು ಟ್ರೆಕ್ಕಿಂಗ್ ಅಂತ ಪಟ್ಟಣದ ಹುಡುಗರು ಏರಿ ಇಳಿಯುವ ಎಷ್ಟೋ ಕಾಲುಹಾದಿ ಎತ್ತಿನ ಗೊರಸಿನಿಂದ ಬಿದ್ದವು. ಅವರು ಆರೋಗ್ಯಕ್ಕಾಗಿ ಏರುತ್ತಾರೆ, ಇವರು ಉಪ್ಪಿಗಾಗಿ ಏರಿದರು.

ಆ ಕಸುಬು ಹೆಂಗ ನಿಂತಿತು? ಕಾಗದದ ಮೇಲೆ ನಿಂತಿತು. 1878ರಲ್ಲಿ ಇಂಗ್ರೇಜರು ಪೋರ್ತುಗೀಜರ ಕೂಡ ಒಂದು ಒಪ್ಪಂದ ಮಾಡಿದರು. ಗೋವಾದ ಉಪ್ಪಿನ ಮೇಲಿನ ಹತೋಟಿ ಇಂಗ್ರೇಜರಿಗೆ; ಅದಕ್ಕೆ ಬದಲು ವರ್ಷಕ್ಕೆ 4 ಲಕ್ಷ ರೂಪಾಯಿ ಪೋರ್ತುಗೀಜರಿಗೆ. ಅದೇ ಒಪ್ಪಂದದ ಬೆನ್ನಿಗೆ ಮುರಗಾವ ಬಂದರದಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ರೈಲು ಹಾಕಿದರು. 1888ಕ್ಕೆ ಗಾಡಿ ಘಟ್ಟ ಹತ್ತಿತು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಸುಮಾರು 26 ಕಿಲೋಮೀಟರ ಘಟ್ಟದ ಹಳಿ. 37 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ಇಳಿಜಾರು, ಬೆಟ್ಟ ಕೊರೆದ ಸುರಂಗಗಳು. ಉಪ್ಪಿನ ಒಪ್ಪಂದ 1892ಕ್ಕೆ ಮುಗಿಯಿತು. ಅಷ್ಟರೊಳಗೆ ಎಷ್ಟೋ ಉಪ್ಪಿನ ಗದ್ದೆ ಹಾಳುಬಿದ್ದಿದ್ದವು, ಸಾಮಾನು ರೈಲಿಗೆ ಹೋಗಿತ್ತು. ಹೇರೆತ್ತು ಮತ್ತೆ ಘಟ್ಟ ಏರಲಿಲ್ಲ. ಹಿಂಗ ಕಸುಬು ಹೋದ ಮಂದಿ ಎಲ್ಲಿ ನೀರು ನೆರಳು ಸಿಕ್ಕಿತೋ ಅಲ್ಲಿ ತಾಂಡೆ ಹಾಕಿ ಕೂಲಿಗೆ ನಿಂತರು. ನಾವು ಅವರನ್ನು ಕೂಲಿಯವರು ಅಂತ ನೋಡಿದೆವು, ವ್ಯಾಪಾರಸ್ಥರು ಅಂತ ನೋಡಲಿಲ್ಲ.

ರೈಲು ಕೂಡ ಒಮ್ಮೆ ನಿಂತಿತ್ತು. ಭಾರತ ಸ್ವತಂತ್ರ ಆದ ಮೇಲೂ ಗೋವಾದಲ್ಲಿ ಪೋರ್ತುಗೀಜರೇ ಇದ್ದರು. 1955ರ ಆಗಸ್ಟ್ 15ಕ್ಕೆ ನಿಶ್ಶಸ್ತ್ರ ಸತ್ಯಾಗ್ರಹಿಗಳು ಗಡಿ ದಾಟಿದಾಗ ಗುಂಡು ಹಾರಿಸಿದರು, ಜನ ಸತ್ತರು. ಆಮೇಲೆ ಗಡಿ ಮುಚ್ಚಿತು, ಘಟ್ಟದ ಗಾಡಿ ಬಂದಾಯಿತು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆಯಿತು, ಹಾದಿ ತೆರೆಯಿತು. ತೆರೆದ ಹಾದಿಯಲ್ಲಿ ಮೊದಲು ಹೋದವರು ಮೋಜಿಗೆ ಹೋದವರಲ್ಲ. ವಿಜಾಪುರ, ಬಾಗಲಕೋಟೆ, ಗದಗ, ನಮ್ಮ ಜತ್ತದ ಕಡೆಯ ಬರಗಾಲದ ಮಂದಿ. ಬಂದರ, ಗಣಿ, ರಸ್ತೆ, ಕಟ್ಟಡ ಎಲ್ಲೆಲ್ಲಿಯೂ ಅವರ ಕೈ ಇದೆ. ನಮ್ಮ ಅಣ್ಣ ಅವರೊಳಗೆ ಒಬ್ಬ.

ಮರುದಿವಸ ಕುಳೆಂಗೆ ಹೋದೆವು. ದೂಧಸಾಗರಕ್ಕೆ ಜೀಪು ಅಲ್ಲಿಂದಲೇ. ಸಾಲು ಹಚ್ಚಿ ಚೀಟಿ ತೆಗೆಸಬೇಕು, ತೇಲುವ ಅಂಗಿ ಹಾಕಿಕೊಳ್ಳಲೇಬೇಕು. ಜೀಪು ನೀರಿನೊಳಗೆ ಇಳಿದು ಹಳ್ಳ ದಾಟುವಾಗ ಮೊಮ್ಮಗ ಕೂಗಿದ್ದೇ ಕೂಗಿದ್ದು, ಬೀಚು ಮರೆತೇಬಿಟ್ಟ. ದೊಡ್ಡ ದೊಡ್ಡ ಮತ್ತಿ ಮರ. ಅದು ಗೋವಾ ರಾಜ್ಯದ ಮರವಂತೆ, ಕಾಡುಕೋಣ ರಾಜ್ಯದ ಪ್ರಾಣಿ. ಜೀಪು ಇಳಿದು ಬಂಡೆ ಹತ್ತಿ ಇಳಿದು ಸ್ವಲ್ಪ ನಡೆದರೆ ಎದುರಿಗೆ ನೀರು. 310 ಮೀಟರ ಎತ್ತರದಿಂದ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಅರ್ಧ ಎತ್ತರಕ್ಕೆ ರೈಲಿನ ಸೇತುವೆ.

ನಾವು ನಿಂತಾಗಲೇ ಒಂದು ಗಾಡಿ ಬಂತು. ನೀರಿನ ಮುಂದೆ ಸಾವಕಾಶ ಹಾದು ಹೋಯಿತು. ಕಿಡಕಿಗಳು ಸಣ್ಣ ಸಣ್ಣ ಚುಕ್ಕೆಯಂತೆ ಕಾಣುತ್ತಿದ್ದವು. ಸುತ್ತಲಿನ ಹುಡುಗರು ಕೈ ಬೀಸಿ ಕೂಗಿದರು, ಫೋಟೋ ಹೊಡೆದರು. ನಾನು ಗಾಡಿ ಮರೆಯಾಗುವತನಕ ಎಣಿಸಿದೆ. ಎರಡು ಮಿನಿಟ ಸಹ ಆಗಲಿಲ್ಲ. ನೀರಿಗೆ ಕೈಮುಗಿದು, ಅಣ್ಣನ ಹೆಸರು ಹೇಳಿ, ಬೊಗಸೆ ನೀರು ಬಿಟ್ಟೆ. ಮೊಮ್ಮಗ ಹತ್ತಿರ ಬಂದು "ಯಾಕ ಅಜ್ಜಾ?" ಅಂದ. ಅವನಿಗೆ ಅಲ್ಲೇ ಬಂಡೆಯ ಮೇಲೆ ಕುಂಡ್ರಿಸಿಕೊಂಡು ಹೇಳಿದೆ. ದೊಡ್ಡಜ್ಜನ ಸುದ್ದಿ ಅವನು ಅದೇ ಮೊದಲು ಕೇಳಿದ್ದು. ತಪ್ಪು ನಮ್ಮದೇ, ನಾವು ಮನೆಯಲ್ಲಿ ಹೇಳಿರಲಿಲ್ಲ.

ತಿರುಗಿ ಬಂದು ಚಹಾ ಕುಡಿಯುವಾಗ ನಮ್ಮ ಮಾತು ಕೇಳಿ ಅಂಗಡಿಯ ಹುಡುಗ ಕನ್ನಡದಲ್ಲಿ "ಯಾವೂರರಿ ಕಾಕಾ?" ಅಂದ. ಅವ ಇಂಡಿ ತಾಲೂಕಿನವ. ಎಂಟು ವರ್ಷ ಆಯಿತಂತೆ ಬಂದು. "ದೂಧಸಾಗರ ನೋಡಿಯೇನಪಾ?" ಅಂದೆ. "ಒಮ್ಮೆ ನೋಡೀನ್ರಿ, ಸೂಟಿ ಸಿಗೂದಿಲ್ರಿ" ಅಂದ. ಚಹಾದ ರೊಕ್ಕ ತಗೊಳ್ಳಲಿಲ್ಲ.

ಆ ಕಾಡು ತಾನಾಗೇ ಉಳಿದಿಲ್ಲ ಅನ್ನುವುದನ್ನೂ ಬರೆಯಬೇಕು. 1969ರಲ್ಲಿ ಮೊಲ್ಲೆಮ್ ಕಾಡನ್ನು ಅಭಯಾರಣ್ಯ ಅಂತ ಸಾರಿದರು. ಈಗ ಭಗವಾನ್ ಮಹಾವೀರ ಅಭಯಾರಣ್ಯ, ಸುಮಾರು 240 ಚದರ ಕಿಲೋಮೀಟರ. ಅದರೊಳಗೆ 107 ಚದರ ಕಿಲೋಮೀಟರ 1978ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಮುಂದೆ ಅದರ ನಡುವೆ ಎರಡನೇ ರೈಲು ಹಳಿ, ರಸ್ತೆ, ಕರೆಂಟಿನ ಲೈನು ಹಾಕುವ ಯೋಜನೆ ಬಂದಾಗ 2020ರಲ್ಲಿ ಗೋವಾದ ಹುಡುಗ ಹುಡುಗಿಯರು, ಹಳ್ಳಿಯ ಮಂದಿ ಎದ್ದು ನಿಂತರು. ಚಾಂದೋರದಲ್ಲಿ ರಾತ್ರಿಯೆಲ್ಲ ಹಳಿಯ ಹತ್ತಿರ ಕುಂತರು. ಹೌದು, ಕದಂಬರ ಅದೇ ಚಂದ್ರಪುರದಲ್ಲಿ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಕಾಡಿನೊಳಗಿನ ಎರಡನೇ ಹಳಿಗೆ ಕೊಟ್ಟ ಪರವಾನಗಿ ರದ್ದು ಮಾಡಿತು. ನಾವು ಹೋಗಿ ಮೋಜು ಮಾಡುವ ನೆರಳು ಅಂಥವರು ಕಾದಿಟ್ಟ ನೆರಳು. ಅಲ್ಲಿ ಚಿಪ್ಸಿನ ಚೀಟು, ಬಾಟಲಿ ಒಗೆದು ಬರುವುದು ಉಂಡ ಮನೆಯ ಅಂಗಳಕ್ಕೆ ಉಗುಳಿದಂತೆ.

ಬರುವ ದಿವಸ ಪಣಜಿಯ ಹತ್ತಿರ ಉಪ್ಪಿನ ಗದ್ದೆ ನೋಡಿದೆವು. ಉಪ್ಪು ಇನ್ನೂ ಬಂದಿರಲಿಲ್ಲ. ಮುದುಕನೊಬ್ಬ ಕೆಸರು ತುಳಿದು ಗದ್ದೆಯ ತಳ ಗಟ್ಟಿ ಮಾಡುತ್ತಿದ್ದ, ನಾವು ಕಣ ಸಾರಿಸಿ ಹದ ಮಾಡಿದಂತೆಯೇ. ಅವನ ಕೊಂಕಣಿ, ನನ್ನ ಮರಾಠಿ, ಹೆಂಗೋ ಮಾತು ಹೊಂದಿಕೊಂಡಿತು. ಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ ಅಂದ. "ನಮ್ಮಲ್ಲೂ ಹಂಗ" ಅಂದೆ. ಹೋದ ವರ್ಷದ ಉಪ್ಪು ಐದು ಕಿಲೋ ತೂಗಿಸಿಕೊಂಡೆ. ಆಮೇಲೆ ಮೊಮ್ಮಗನಿಗೆ ಸಮುದ್ರವನ್ನೂ ತೋರಿಸಿದೆ. ಅವನು ಮನಸಾರೆ ಆಡಿದ. ಮೋಜು ಬೇಡ ಅಂತ ನಾನು ಹೇಳುವವನಲ್ಲ.

ಗುರುಜಿಯವರಿಗೆ, ಬಾಯಿಯವರಿಗೆ ನನ್ನದೊಂದು ವಿನಂತಿ. ನಮ್ಮ ಕನ್ನಡ ಶಾಲೆಯ ಸಹಲು ಗೋವಾಕ್ಕೆ ಹೋಗುತ್ತದೆ, ಎರಡು ಮೂರು ಬೀಚು ತೋರಿಸಿ ತರುತ್ತೀರಿ. ಒಂದು ಬೀಚು ಬಿಡಿರಿ, ಸುರ್ಲಾ ಗುಡಿ ತೋರಿಸಿರಿ, ಒಂದು ಉಪ್ಪಿನ ಗದ್ದೆ ತೋರಿಸಿರಿ. ನಮ್ಮ ಶಾಲೆಯಲ್ಲಿ ಅಪ್ಪ ಅವ್ವ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋದ ಮಕ್ಕಳಿದ್ದಾರೆ, ನೀವು ಬಲ್ಲಿರಿ. ಬಾಕಿ ಮಕ್ಕಳು ಸಮುದ್ರದಲ್ಲಿ ಕುಣಿಯುವಾಗ ಆ ಮಗು ಯಾವ ಕಟ್ಟಡದ ಮೇಲೆ ನಮ್ಮವ್ವ ಇದ್ದಾಳೋ ಅಂತ ನೋಡುತ್ತದೆ. ನಿಮ್ಮ ಅಪ್ಪ ಅವ್ವ ಹೋದ ಹಾದಿ ಸಾವಿರ ವರ್ಷದ್ದು, ಅದರ ಮೇಲೆ ರಾಜನ ಮಗಳೂ ಹೋಗಿದ್ದಾಳೆ, ಗುಡಿಯ ಕಲ್ಲೂ ಹೋಗಿದೆ ಅಂತ ಯಾರಾದರೂ ಹೇಳಿದರೆ ಅದು ತಲೆ ಎತ್ತುತ್ತದೆ.

ಮನೆಗೆ ಬಂದ ದಿವಸ ಉಪ್ಪಿನ ಗಂಟು ವೈನಿಯ ಮುಂದೆ ಇಟ್ಟೆ. ಅವಳು ಒಂದು ಹರಳು ನಾಲಿಗೆಗೆ ಇಟ್ಟುಕೊಂಡು ನೋಡಿ, "ಆ ಹಾಲಿನ ನೀರು ಖರೇನ ಬೆಳ್ಳಗ ಐತೇನೊ?" ಅಂದಳು.

"ಐತಿ ವೈನಿ. ಅಣ್ಣ ಹೇಳಿದಂಗ ಐತಿ" ಅಂದೆ.

ವೈನಿ ಉಪ್ಪನ್ನು ಗಡಿಗೆಗೆ ಸುರುವಿ ಬಾಯಿ ಕಟ್ಟಿದಳು. ಈ ಡಿಸೆಂಬರದ ಸಹಲಿನಲ್ಲಿ ಸುರ್ಲಾ ಹೆಸರು ಬರೆದಿದ್ದಾರೆ ಅಂತ ಗುರುಜಿಯವರು ಮೊನ್ನೆ ಹೇಳಿದರು. ಮಕ್ಕಳ ಕೂಡ ನನಗೂ ಬರಲು ಹೇಳಿದ್ದಾರೆ. ಜೋಳದ ಹೊಲದ ಕಾವಲಿಗೆ ಯಾರನ್ನಾದರೂ ಗೊತ್ತು ಮಾಡಿ ಹೋಗುತ್ತೇನೆ.